ಮೆಡಿಕಲ್ ಕಾಲೇಜಿಗೆ ಬಂದ್, ದೊಡ್ಡಿಯ ಶಾಲೆಗೆ ಯಾರು?

2023ರ ಸೆಪ್ಟೆಂಬರ್‌ನಲ್ಲಿ ರಾಮನಗರ ಬಂದ್ ಆಯಿತು. ಜಿಲ್ಲಾ ಕೇಂದ್ರಕ್ಕೆ ಬರಬೇಕಾದ ಮೆಡಿಕಲ್ ಕಾಲೇಜನ್ನು ಕನಕಪುರಕ್ಕೆ ಒಯ್ಯುತ್ತಿದ್ದಾರೆ ಎಂಬುದು ಜನರ ಸಿಟ್ಟು. ಅದಕ್ಕೆ ನಾಲ್ಕು ವರ್ಷ ಮುಂಚೆ, 2019ರಲ್ಲಿ, ಕನಕಪುರಕ್ಕೆ ಮಂಜೂರಾಗಿದ್ದ ಕಾಲೇಜನ್ನು ಯಡಿಯೂರಪ್ಪ ಸರ್ಕಾರ ಚಿಕ್ಕಬಳ್ಳಾಪುರಕ್ಕೆ ದಾಟಿಸಿದಾಗ ಇದೇ ಸಿಟ್ಟು ಕನಕಪುರದಲ್ಲಿತ್ತು. ವಿಧಾನಸೌಧದಲ್ಲಿ ಕುರ್ಚಿ ಬದಲಾದರೆ ಕಾಲೇಜಿನ ವಿಳಾಸವೂ ಬದಲಾಗುತ್ತದೆ ಎಂಬುದು ಈ ಭಾಗದ ಜನಕ್ಕೆ ಚೆನ್ನಾಗಿ ಗೊತ್ತು. ಯಾವ ತಾಲ್ಲೂಕಿನಲ್ಲಿ ಎಷ್ಟು ರೋಗಿಗಳಿದ್ದಾರೆ, ಆಸ್ಪತ್ರೆಯ ಕೊರತೆ ಎಲ್ಲಿ ಹೆಚ್ಚು ಎಂಬ ಮಾತು ಈ ಎರಡೂ ಜಗಳಗಳಲ್ಲಿ ದೊಡ್ಡದಾಗಿ ಕೇಳಿಸಲಿಲ್ಲ. ಕೇಳಿಸಿದ್ದು ನಾಯಕರ ಹೆಸರುಗಳು.

ಈಗ ಇನ್ನೊಂದು ಪ್ರಸಂಗ ನೋಡಿ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕರ್ನಾಟಕ ಪಬ್ಲಿಕ್ ಶಾಲೆಯನ್ನು 'ಮ್ಯಾಗ್ನೆಟ್' ಶಾಲೆ ಮಾಡಿ, ಸುತ್ತಲಿನ ಏಳು ಸರ್ಕಾರಿ ಶಾಲೆಗಳನ್ನು ಅದರೊಳಗೆ ವಿಲೀನ ಮಾಡುವ ವಿಚಾರ 2025ರಲ್ಲಿ ಹೊರಬಿತ್ತು. ವಿದ್ಯಾರ್ಥಿ ಸಂಘಟನೆ ಎಐಡಿಎಸ್‌ಒ ವಿರೋಧಿಸಿ ಸಹಿ ಸಂಗ್ರಹಕ್ಕೆ ಇಳಿಯಿತು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳುತ್ತಲೇ ಬಂದಿದ್ದಾರೆ. ಇರಲಿ. ಮೆಡಿಕಲ್ ಕಾಲೇಜಿಗೆ ಆದಂಥ ಬಂದ್ ಈ ಏಳು ಶಾಲೆಗಳಿಗೆ ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದೇ ನನ್ನ ತಕರಾರಿನ ಮೂಲ. ಬಂದ್‌ಗೆ ಕರೆ ಕೊಡುವ ಶಕ್ತಿ ಇರುವವರ ಮಕ್ಕಳು ಆ ಶಾಲೆಗಳಲ್ಲಿ ಇಲ್ಲ.

ಹೊಂಗನೂರಿನ ಶಾಲೆಯ ಮೇಲೆ ನನಗೇನೂ ಮುನಿಸಿಲ್ಲ. ಅದೇ ಊರಿನವರಾದ, ಕಣ್ವ ಡಯಾಗ್ನಸ್ಟಿಕ್ಸ್ ಸ್ಥಾಪಕ ಡಾ. ಎಚ್.ಎಂ. ವೆಂಕಟಪ್ಪ ತಾವು ಓದಿದ ಶಾಲೆಗೆ ಸುಮಾರು 14 ಕೋಟಿ ರೂಪಾಯಿ ಹಾಕಿ ಕಟ್ಟಡ ಕಟ್ಟಿಸಿಕೊಟ್ಟರು. ದುಡ್ಡು ಮಾಡಿದವರೆಲ್ಲ ಹೀಗೆ ತಮ್ಮ ಕನ್ನಡ ಶಾಲೆಯನ್ನು ನೆನೆದರೆ ನಾಡಿನ ಚಿತ್ರವೇ ಬೇರೆ ಆಗುತ್ತಿತ್ತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದು, ಜೊತೆಗೆ ಇಂಗ್ಲಿಷ್ ಮಾಧ್ಯಮದ ತರಗತಿ. ಇಂಥ ಶಾಲೆಗೆ ಪೋಷಕರು ಸಾಲು ನಿಲ್ಲುವುದು ಸಹಜ. 2025ರ ಬಜೆಟ್ಟಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2,500 ಕೋಟಿ ರೂಪಾಯಿಯಲ್ಲಿ ಇಂಥ 500 ಶಾಲೆ ಕಟ್ಟುವುದಾಗಿ ಮುಖ್ಯಮಂತ್ರಿ ಘೋಷಿಸಿದರು. ಕಟ್ಟಲಿ, ಸಂತೋಷ. ಆದರೆ ಒಂದು ಒಳ್ಳೆಯ ಶಾಲೆ ಏಳಬೇಕಾದರೆ ಪಕ್ಕದ ಏಳು ಶಾಲೆ ಮಲಗಲೇಬೇಕೆಂಬ ಲೆಕ್ಕ ಎಲ್ಲಿಂದ ಬಂತು?

ಲೆಕ್ಕ ಸರಳವಾಗಿಯೇ ಇದೆ. ಹತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು, ಒಂದು ಕಟ್ಟಡ, ಒಬ್ಬ ಬಿಸಿಯೂಟದ ಅಕ್ಕ, ದುಬಾರಿಯಾಯಿತು, ಸೇರಿಸಿಬಿಡಿ. ಈ ಲೆಕ್ಕ ಹಾಕಿದವರು ಕನಕಪುರ, ಚನ್ನಪಟ್ಟಣದ ಭೂಗೋಳ ನೋಡಿದ್ದಾರೆ ಅನ್ನಿಸುವುದಿಲ್ಲ. ಇದು ದೊಡ್ಡಿಗಳ ಸೀಮೆ. ಒಂದು ಊರಿಗೆ ನಾಲ್ಕು ದೊಡ್ಡಿ, ದೊಡ್ಡಿಗೆ ಹತ್ತೋ ಮೂವತ್ತೋ ಮನೆ, ನಡುವೆ ಹೊಲ, ಹಿಪ್ಪುನೇರಳೆ ತೋಟ, ಕುರುಚಲು ಕಾಡು. ಇಂಥ ಊರುಗಳಲ್ಲಿ ಶಾಲೆ ಚಿಕ್ಕದಾಗಿರುವುದಕ್ಕೆ ಕಾರಣ ಊರೇ ಚಿಕ್ಕದಾಗಿರುವುದು.

ಕನಕಪುರ ತಾಲ್ಲೂಕಿನ ಕಬ್ಬಾಳಿನ ಸುತ್ತ ಹೋಗಿ ನೋಡಿದರೆ ಇದು ಇನ್ನೂ ನಿಚ್ಚಳ. 1734ರಲ್ಲಿ ದಳವಾಯಿಗಳು ಪಟ್ಟದಿಂದ ಇಳಿಸಿದ ಚಾಮರಾಜ ಒಡೆಯರನ್ನು ಸೆರೆಯಿಟ್ಟದ್ದು ಇಲ್ಲಿನ ದುರ್ಗದಲ್ಲಿ. ಅಷ್ಟು ದುರ್ಗಮವಾದ ಬೆಟ್ಟ. ಈಗ ಅದರ ಬುಡದಲ್ಲಿ ಕಬ್ಬಾಳಮ್ಮನ ಗುಡಿಗೆ ಡಾಂಬರು ರಸ್ತೆ ಇದೆ, ಮಂಗಳವಾರ, ಶುಕ್ರವಾರ ಕಾರುಗಳ ಸಾಲಿದೆ. ಆದರೆ ಕಬ್ಬಾಳು ಕಾಡಿನಂಚಿನ ಊರುಗಳಲ್ಲಿ ಆನೆ ಬರುವುದು ದಿನಪತ್ರಿಕೆಯ ಜಿಲ್ಲಾ ಪುಟಕ್ಕೆ ಹಳೆಯ ಸುದ್ದಿ. ಬೆಳಗಿನ ಜಾವ ಹೊಲಕ್ಕೆ ಹೋದ ರೈತರೇ ಆನೆಯ ಕಾಲಿಗೆ ಸಿಕ್ಕಿ ಸತ್ತ ಸೀಮೆ ಇದು. ಅಲ್ಲಿ ಆರು ವರ್ಷದ ಮಗುವಿಗೆ 'ಮ್ಯಾಗ್ನೆಟ್ ಶಾಲೆ ನಾಲ್ಕೈದು ಕಿಲೋಮೀಟರ್ ಅಷ್ಟೇ' ಎಂದು ಹೇಳುವವರು ತಮ್ಮ ಮೊಮ್ಮಗುವನ್ನು ಆ ದಾರಿಯಲ್ಲಿ ಒಂದು ವಾರ ನಡೆಸಿ ತೋರಿಸಲಿ. ಬಸ್ಸು ಕೊಡುತ್ತೇವೆ ಅನ್ನುತ್ತಾರೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಒಪ್ಪಿದೆ. ಬಸ್ಸೇ ಬಾರದ ದೊಡ್ಡಿಯಲ್ಲಿ ಉಚಿತ ಟಿಕೆಟ್ ಹಿಡಿದು ಯಾರನ್ನು ಕಾಯುವುದು?

ಕಾಡಂಚಿನಲ್ಲಿ ಇರುಳಿಗರ ಹಾಡಿಗಳೂ ಇವೆ. ಅಲ್ಲಿ ಈಗ ಶಾಲೆಗೆ ಬರುತ್ತಿರುವ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಅಕ್ಷರ ಕಂಡ ಮೊದಲಿಗರು. ಅವರ ಶಾಲೆ ದೂರವಾದರೆ ಅಪ್ಪ ಅರ್ಜಿ ಬರೆಯುವುದಿಲ್ಲ, ಪತ್ರಿಕಾಗೋಷ್ಠಿ ಕರೆಯುವುದಿಲ್ಲ. ಮಗು ಬರುವುದನ್ನು ನಿಲ್ಲಿಸುತ್ತದೆ. ಹಾಜರಾತಿ ಕಡಿಮೆಯಾಯಿತು ಎಂದು ಆಮೇಲೆ ನಾವು ವರದಿ ಬರೆಯುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ಶಾಲೆ ಎಂದು ಸ್ಪಷ್ಟವಾಗಿ ಹೇಳಿದೆ. ರಾಜ್ಯದ ನಿಯಮದಲ್ಲಿ ಐದನೇ ತರಗತಿವರೆಗೆ ಅದು ಒಂದು ಕಿಲೋಮೀಟರ್. ಆ ಕಿಲೋಮೀಟರನ್ನು ಎಳೆದು ಐದು ಮಾಡುವುದು ಆ ಕಾಯ್ದೆಯ ಆಶಯವಲ್ಲ.

ಪೋಷಕರೇ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸಿದ್ದರಿಂದ ಸರ್ಕಾರಿ ಶಾಲೆ ಬರಿದಾಯಿತು ಎಂಬುದು ಎದುರು ವಾದ. ಅರ್ಧ ಸತ್ಯ. ಕಲಿಕೆಯ ಮಾಧ್ಯಮ ಆರಿಸುವುದು ಪೋಷಕರ ಹಕ್ಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. ಇಂಗ್ಲಿಷ್ ಬೇಕು ಅನ್ನುವ ರೈತನನ್ನು ಬೈಯುವ ಹಕ್ಕು, ಸ್ವಂತ ಮಕ್ಕಳನ್ನು ಬೆಂಗಳೂರಿನ ಕಾನ್ವೆಂಟಿಗೆ ಹಾಕಿದ ನಮ್ಮಂಥ ಕನ್ನಡ ಅಭಿಮಾನಿಗಳಿಗೆ ಇಲ್ಲ. ಆದರೆ ಪೋಷಕರು ಓಡಿಹೋದದ್ದು ಇಂಗ್ಲಿಷಿಗಾಗಿ ಮಾತ್ರವಲ್ಲ, ಮೇಷ್ಟ್ರಿಗಾಗಿ ಕೂಡ. ಕಾಯಂ ಶಿಕ್ಷಕರ ಜಾಗದಲ್ಲಿ ವರ್ಷಾನುಗಟ್ಟಲೆ ಅತಿಥಿ ಶಿಕ್ಷಕರನ್ನು ಕೂರಿಸಿ, ಅವರಿಗೆ ತಿಂಗಳಿಗೆ 12,000 ರೂಪಾಯಿ ಕೊಟ್ಟು, ಜನ ಏಕೆ ನಂಬುವುದಿಲ್ಲ ಎಂದು ಕೇಳುವುದು ಯಾವ ನ್ಯಾಯ? ಬರಿದು ಮಾಡಿದ್ದು ಒಬ್ಬರು, ಬರಿದಾಗಿದೆ ಎಂದು ಮುಚ್ಚುವವರೂ ಅವರೇ.

ಈ ನೆಲಕ್ಕೆ ಶಾಲೆಯ ಬೆಲೆ ಗೊತ್ತಿಲ್ಲ ಎನ್ನುವಂತಿಲ್ಲ. ಕನಕಪುರದಲ್ಲಿ ಗಾಂಧಿವಾದಿ ಎಸ್. ಕರಿಯಪ್ಪ ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿ ಹಳ್ಳಿ ಮಕ್ಕಳಿಗೆ ಹೈಸ್ಕೂಲು, ಕಾಲೇಜು ಕೊಟ್ಟರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿ ಹುಟ್ಟಿದ್ದು ಬಿಡದಿ ಬಳಿಯ ಬಾನಂದೂರಿನಲ್ಲಿ. ಸರ್ಕಾರ ಮುಟ್ಟದ ಕಡೆ ಮಠಗಳು, ಜಾತಿ ಸಂಘಗಳು ಹಾಸ್ಟೆಲು, ಶಾಲೆ ತೆರೆದವು. ಆ ಹಾಸ್ಟೆಲುಗಳಿಂದ ವಕೀಲರು ಬಂದರು, ತಹಶೀಲ್ದಾರರು ಬಂದರು, ಶಾಸಕರೂ ಬಂದರು. ಹಳೇ ಮೈಸೂರಿನ ರಾಜಕೀಯದ ಬೇರು ವಿದ್ಯಾರ್ಥಿ ನಿಲಯಗಳಲ್ಲಿದೆ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಮಠದ ಮೆಟ್ಟಿಲು ಹತ್ತುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಅನ್ನ, ಅಕ್ಷರ ಕೊಟ್ಟವರ ಮಾತನ್ನು ಜನ ಕೇಳುತ್ತಾರೆ ಎಂಬ ಅರಿವೂ ಕಾರಣ. ಸರ್ಕಾರಿ ಶಾಲೆ ಹಿಂದೆ ಸರಿದಷ್ಟೂ ಮಗುವಿನ ಓದು ಜಾತಿಯ ಅಥವಾ ಜೇಬಿನ ಕೈಗೆ ಹೋಗುತ್ತದೆ. ಆ ಮಗು ನಾಳೆ ಮತ ಹಾಕುವಾಗ ಋಣ ಯಾರದು ಎಂದು ನೆನೆಯುವುದೂ ಆ ಕೈಯನ್ನೇ. ಹಾಸ್ಟೆಲು ಕಟ್ಟಲಾಗದಷ್ಟು ಚಿಕ್ಕ ಜಾತಿಗಳಿಗೆ, ಮಠವೇ ಇಲ್ಲದ ಇರುಳಿಗರಂಥವರಿಗೆ ಉಳಿಯುವುದು ದೊಡ್ಡಿಯ ಸರ್ಕಾರಿ ಶಾಲೆ ಒಂದೇ.

ನಿರ್ಧಾರ ಮಾಡುವವರು ಯಾರು ಎಂಬುದು ಕೊನೆಯ, ಬಹುಶಃ ದೊಡ್ಡ ಪ್ರಶ್ನೆ. ಪ್ರಾಥಮಿಕ ಶಾಲೆ ಜಿಲ್ಲಾ ಪಂಚಾಯಿತಿಯ ಹೊಣೆ. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಮೂರು ಪಕ್ಷಗಳೂ ಒಂದಲ್ಲ ಒಂದು ನೆಪದಲ್ಲಿ ವರ್ಷಗಟ್ಟಲೆ ಚುನಾವಣೆ ತಳ್ಳಿದ್ದನ್ನು ನೋಡುತ್ತಾ ಕೂತವು. ಹಳ್ಳಿ ಶಾಲೆಯ ಪರವಾಗಿ ಎದ್ದು ನಿಂತು ಮಾತಾಡಬೇಕಾದ ಕುರ್ಚಿಗಳು ಖಾಲಿ. ಉಳಿದದ್ದು 2001ರಲ್ಲಿ ಕರ್ನಾಟಕವೇ ಹೆಮ್ಮೆಯಿಂದ ರೂಪಿಸಿದ ಎಸ್‌ಡಿಎಂಸಿ, ಪೋಷಕರೇ ಇರುವ ಸಮಿತಿ. ಅದನ್ನು ಸ್ವಾತಂತ್ರ್ಯೋತ್ಸವಕ್ಕೆ ಸಿಹಿ ಹಂಚುವ ಸಮಿತಿಯಾಗಿ ಇಳಿಸಿದವರು ನಾವೇ.

ಡಿ.ಕೆ. ಶಿವಕುಮಾರ್ 2023ರಲ್ಲಿ ಉಪಮುಖ್ಯಮಂತ್ರಿಯಾದ ಹೊಸತರಲ್ಲಿ, ಕಂಪನಿಗಳ ಸಿಎಸ್‌ಆರ್ ಹಣದಿಂದ ಪಂಚಾಯಿತಿ ಮಟ್ಟದಲ್ಲಿ ಒಳ್ಳೆಯ ಶಾಲೆ ಕಟ್ಟಿಸಿ, ಮಕ್ಕಳ ಓದಿಗಾಗಿ ಜನ ಹಳ್ಳಿ ಬಿಟ್ಟು ಪಟ್ಟಣ ಸೇರುವುದನ್ನು ತಡೆಯುವ ಮಾತಾಡಿದ್ದರು. ಒಳ್ಳೆಯ ಮಾತು. ಆ ಮಾತಿನ ಜೊತೆ ಇನ್ನೊಂದು ಸಾಲು ಸೇರಲಿ: ಐದನೇ ತರಗತಿವರೆಗಿನ ಯಾವ ಸರ್ಕಾರಿ ಶಾಲೆಯನ್ನೂ ಆ ಊರಿನ ಎಸ್‌ಡಿಎಂಸಿ ಮತ್ತು ಗ್ರಾಮಸಭೆಯ ಲಿಖಿತ ಒಪ್ಪಿಗೆ ಇಲ್ಲದೆ ವಿಲೀನ ಮಾಡುವುದಿಲ್ಲ. ಇದನ್ನು ಭಾಷಣದಲ್ಲಿ ಹೇಳಿದರೆ ಸಾಲದು, ಸರ್ಕಾರಿ ಆದೇಶವಾಗಿ ಬರಬೇಕು. ಕನಕಪುರ, ಚನ್ನಪಟ್ಟಣ, ಮಾಗಡಿ, ರಾಮನಗರದ ಪೋಷಕರೇ, ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಪಟ್ಟಿಗಿಂತ ಮೊದಲು ನಿಮ್ಮ ಊರಿನ ಶಾಲೆಯ ವಿಷಯ ಎತ್ತಿ, ನಿರ್ಣಯ ಬರೆಸಿ, ಅದರ ಪ್ರತಿಯನ್ನು ಸಹಿ ಸಮೇತ ಕೈಯಲ್ಲಿಟ್ಟುಕೊಳ್ಳಿ.