‘ಚಲೋ ಐತ್ರಿ’ ಎಂಬ ಉತ್ತರದ ಹಿಂದೆ

ಆಸ್ಪತ್ರೆ ಸೇವೆಯ ಬಗ್ಗೆ ಎಸ್ಸೆಮ್ಮೆಸ್, ದೂರವಾಣಿ ಕರೆ ಹಾಗೂ ಆ್ಯಪ್ ಮೂಲಕ ರೋಗಿಗಳ ಅಭಿಪ್ರಾಯ ಪಡೆಯಲು ಕೇಂದ್ರ ಸರ್ಕಾರ 2016ರಲ್ಲಿ ‘ಮೇರಾ ಅಸ್ಪತಾಲ್’ ವ್ಯವಸ್ಥೆಯನ್ನು ಆರಂಭಿಸಿತು. ರೋಗಿಯನ್ನು ಆಸ್ಪತ್ರೆಯ ಹೊರಗೆ ಕೇಳಬೇಕೆಂಬ ಅದರ ತತ್ವ ಸರಿಯಾದುದೇ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಗದಗ-ಬೆಟಗೇರಿಗೆ ಬಂದು ವಾರ್ಡಿನಲ್ಲಿ ಮಲಗಿರುವ ರೋಗಿಯನ್ನು ಶುಶ್ರೂಷೆ ಮಾಡುವವರೇ ನಮೂನೆ ಹಿಡಿದು ಕೇಳಿದರೆ, ಆತ ‘ಚಲೋ ಐತ್ರಿ’ ಎನ್ನದೆ ಇನ್ನೇನು ಹೇಳಿಯಾನು?

ಮನೆಗೆ ಮರಳಿದ ಮೇಲೆ, ಹೊರಗಿನವರು, ಹೆಸರು ಬರೆದುಕೊಳ್ಳದೆ ವಿಚಾರಿಸಬೇಕು. ‘ತೃಪ್ತಿಯಾಯಿತೇ?’ ಎಂಬುದಕ್ಕಿಂತ ‘ಎಷ್ಟು ಹೊತ್ತು ಕಾದಿರಿ? ಔಷಧವನ್ನು ಹೊರಗೆ ಕೊಂಡಿರಾ? ಯಾರಾದರೂ ಹಣ ಕೇಳಿದರೇ?’ ಎಂಬ ಪ್ರಶ್ನೆಗಳು ಲೇಸು. ಓದುಬಾರದವರಿಗೆ ಅವನ್ನು ಓದಿ ಹೇಳಬೇಕು. ಬಂದ ದೂರುಗಳನ್ನೂ ಕೈಗೊಂಡ ಕ್ರಮವನ್ನೂ ಆಸ್ಪತ್ರೆಯ ಫಲಕದಲ್ಲಿ ಪ್ರಕಟಿಸದಿದ್ದರೆ ಸಮೀಕ್ಷೆ ಬರಿಯ ಕಡತವಾಗಿ ಉಳಿದೀತು.