ಮುಂಗಾಲೆತ್ತಿದ ಜೇಡಕ್ಕೆ ಕೋಪವಿಲ್ಲ

ಗೋಡೆಯ ಮೂಲೆಯಲ್ಲಿ ಅಂಗೈಯಗಲದ ಜೇಡವೊಂದು ಮುಂಗಾಲೆತ್ತಿ ನಿಂತರೆ ಮನೆಯವರ ಕೈ ಪೊರಕೆಯತ್ತ ಹೋಗುತ್ತದೆ. ಇದೇ ಗುಂಪಿನ ಜೇಡಗಳನ್ನು ತರಾಂಟುಲಾ ಎಂಬ ಹೆಸರಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಸಾಕುವವರೂ ಇದ್ದಾರೆ. ನಿನ್ನೆಯವರೆಗೆ ಸಾಧುವಾಗಿದ್ದದ್ದು ಇಂದು ಕಚ್ಚಲು ಬರುತ್ತಿದೆ ಎಂಬುದು ಅವರ ದೂರು. ಇಬ್ಬರೂ ಮಾಡುವ ತಪ್ಪು ಒಂದೇ: ಭಯವನ್ನು ಕೋಪವೆಂದು ತಿಳಿಯುವುದು.

ವಿಜ್ಞಾನಿಗಳೂ ಈ ತಪ್ಪಿಗೆ ಹೊರತಲ್ಲ. ಕರ್ನಾಟಕದ ಪಶ್ಚಿಮಘಟ್ಟದಲ್ಲಿ ಬಿಲ ತೋಡಿ ಬದುಕುವ ಜೇಡವೊಂದಕ್ಕೆ 1899ರಲ್ಲಿ ಪೋಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞರು ಇಟ್ಟ ಹೆಸರು ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್. ಲ್ಯಾಟಿನ್ ಭಾಷೆಯಲ್ಲಿ ಟ್ರುಕ್ಯುಲೆಂಟಸ್ ಎಂದರೆ ಉಗ್ರವಾದುದು.

ಜೇಡದ ಬದುಕನ್ನು ಅರಿತರೆ ಈ ಸ್ವಭಾವ ಬದಲಾವಣೆ ಒಗಟಾಗುವುದಿಲ್ಲ. ತರಾಂಟುಲಾ ಪೊರೆ ಕಳಚಿ ಬೆಳೆಯುವ ಜೀವಿ. ಪೊರೆ ಬಿಡುವ ಮುನ್ನ ಅದು ಆಹಾರ ಮುಟ್ಟುವುದಿಲ್ಲ. ಬಿಟ್ಟ ಬಳಿಕ ಕೆಲವು ದಿನ ಮೈಯೂ ವಿಷದ ಹಲ್ಲೂ ಮೆತ್ತಗಿರುತ್ತವೆ. ಕೊನೆಯ ಪೊರೆ ಬಿಟ್ಟ ಗಂಡು ನೆಲೆ ತೊರೆದು ಹೆಣ್ಣನ್ನು ಅರಸುತ್ತ ಅಲೆಯುತ್ತದೆ. ಮೊಟ್ಟೆಯ ಚೀಲ ಕಾಯುವ ಹೆಣ್ಣು ಯಾರನ್ನೂ ಹತ್ತಿರ ಸೇರಿಸದು. ದೃಷ್ಟಿ ಮಂದವಾದ ಈ ಜೀವಿ ಸುತ್ತಲಿನ ಕಂಪನಗಳನ್ನು ಮೈರೋಮಗಳಿಂದ ಗ್ರಹಿಸುತ್ತದೆ. ಅಡಗಲು ತಾಣವಿಲ್ಲದ ಪೆಟ್ಟಿಗೆಯಲ್ಲಿ ಪ್ರತಿ ಕಂಪನವೂ ಅದಕ್ಕೆ ಶತ್ರುವಿನ ಸುಳಿವೇ.

ಅಮೆರಿಕ ಖಂಡಗಳ ಅನೇಕ ತರಾಂಟುಲಾಗಳು ಹೊಟ್ಟೆಯ ಮೇಲಿನ ತುರಿಕೆ ರೋಮಗಳನ್ನು ಎರಚಿ ಪಾರಾಗುತ್ತವೆ. ಭಾರತದ ಜಾತಿಗಳಿಗೆ ಆ ಆಯುಧವಿಲ್ಲ. ಅವು ಓಡುತ್ತವೆ, ಕಾಲೆತ್ತಿ ಎಚ್ಚರಿಸುತ್ತವೆ, ಬೇರೆ ದಾರಿ ಕಾಣದಿದ್ದರೆ ಕಚ್ಚುತ್ತವೆ. ಪೊಸಿಲೊಥೀರಿಯಾ ಕುಲದ ಮರಜೇಡಗಳು ಕಚ್ಚಿದರೆ ತೀವ್ರ ನೋವು, ಸ್ನಾಯುಸೆಳೆತ ಬರಬಹುದು. ಆಗ ಆಸ್ಪತ್ರೆಗೆ ಹೋಗಬೇಕೇ ಹೊರತು ಗಾಯವನ್ನು ಕೊಯ್ಯಬಾರದು.

ಈ ಕುಲದ ಒಂದು ಜಾತಿಯನ್ನು ವಿದೇಶಗಳ ಸಾಕುಪ್ರಾಣಿ ಮಾರುಕಟ್ಟೆ ಮೈಸೂರಿನ ಹೆಸರಿನಿಂದಲೇ ಗುರುತಿಸುತ್ತದೆ. 2019ರಲ್ಲಿ ಇಡೀ ಕುಲವನ್ನು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲಾಯಿತು. ಆದರೆ ಮರಜೇಡದ ಮನೆಯಾದ ಪೊಟರೆಯನ್ನು ಆ ಅನುಬಂಧ ಕಾಯಲಾರದು. ಬೆಟ್ಟದಪುರ, ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ ಬೇಕು. ಟೊಳ್ಳು ಬಿದ್ದ ಹಳೆಯ ಮರ ನಿರುಪಯೋಗಿಯೆಂದು ಕೊಡಲಿಗೆ ಮೊದಲು ತುತ್ತಾಗುತ್ತದೆ. ನೆಲೆ ಕಳೆದುಕೊಂಡ ಜೀವಿ ಗೋಡೆಯೇರಿದರೆ ಅಪರಾಧ ಅದರದೆನ್ನುವುದು ನ್ಯಾಯವಲ್ಲ.

ಮನೆಯೊಳಗೆ ಬಂದ ಜೇಡದ ಮೇಲೆ ಅಗಲ ಬಾಯಿಯ ಡಬ್ಬಿ ಬೋರಲು ಹಾಕಿ, ಅಡಿಯಲ್ಲಿ ದಪ್ಪ ರಟ್ಟು ತೂರಿಸಿ, ದೂರದ ಮರದ ಬಳಿ ಬಿಡಬಹುದು. ವಿದ್ಯಾರ್ಥಿಗಳು ಅದನ್ನು ಪೆಟ್ಟಿಗೆಗೆ ತರದೆ, ಇದ್ದಲ್ಲಿಯೇ ನೋಡಿ ಬರೆದಿಡಲಿ. ರೈತರು ಬೇಲಿಯ ಸಾಲಿನಲ್ಲಿ ಒಂದೆರಡು ಪೊಟರೆಯ ಮರಗಳನ್ನಾದರೂ ಉಳಿಸಲಿ. ಜೇಡ ಸಾಧುವಾಗಿರಲು ಬೇಕಾದದ್ದು ಅಷ್ಟೇ.