ಹೊಟ್ಟೆಯ ಸೀಳು ಮುಚ್ಚದಿರಲಿ

ಅಕ್ಷರಕ್ಕೂ ಒಂದು ಮೈಕಟ್ಟು ಉಂಟು. ಪಠ್ಯಪುಸ್ತಕದಲ್ಲಿ ತೆಳ್ಳಗೆ ನಿಂತಿರುವ ಅಕ್ಷರವೇ ಅಂಗಡಿಯ ಬೋರ್ಡಿಗೋ ಜಾತ್ರೆಯ ಬ್ಯಾನರಿಗೋ ಬಂದಾಗ ದಪ್ಪವಾಗಿ, ದುಂಡಗಾಗಿ, ಓಡುವವನಂತೆ ಮುಂದಕ್ಕೆ ಬಾಗುತ್ತದೆ. ದೂರದಿಂದಲೇ ಕಣ್ಣು ಸೆಳೆಯುವುದು ಅದರ ಕೆಲಸ. ಇಂಥ ದಪ್ಪ, ದುಂಡು, ಓರೆ ಅಕ್ಷರ ಕನ್ನಡಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ದುಂಡುತನ ನಮಗೆ ಹೊಸದಲ್ಲ. ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಬೇರಿನಿಂದ ಒಡೆದವು, ಎರಡೂ ದುಂಡಗಿನವೇ. ಮುಂಬಯಿಯ ‘ಏಕ್ ಟೈಪ್’ ಸಂಸ್ಥೆ ರೂಪಿಸಿದ ‘ಬಾಲೂ’ ಎಂಬ ದಪ್ಪ ದುಂಡು ಅಕ್ಷರಗಳ ಕುಟುಂಬದಲ್ಲಿ ಕನ್ನಡದ್ದು ‘ಬಾಲೂ ತಮ್ಮ’, ತೆಲುಗಿನದು ‘ಬಾಲೂ ತಮ್ಮುಡು’. ಎರಡು ನುಡಿಗಳ ನಡುವೆ ಬಾಳುವ ಕರಣಕೋಟದವರಾದ ನಮಗೆ ಈ ಹೆಸರುಗಳು ಎಷ್ಟು ಹಿತ! ಇವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ತೊಡಕು ಬರುವುದು ದಪ್ಪ ಮಿತಿಮೀರಿದಾಗ. ‘ದ’ಕಾರದ ಹೊಟ್ಟೆ ಸೀಳಿದರೆ ‘ಧ’. ‘ರ’ದೊಳಗೆ ಬೊಟ್ಟಿಟ್ಟರೆ ‘ಠ’. ಗೆರೆ ಕೊಬ್ಬಿದಂತೆಲ್ಲ ಸೀಳು ಮುಚ್ಚುತ್ತದೆ, ಬೊಟ್ಟು ಕರಗುತ್ತದೆ. ಆಗ ‘ಧನ’ ಹೋಗಿ ‘ದನ’ ಉಳಿಯುತ್ತದೆ, ‘ಪಾಠ’ವು ‘ಪಾರ’ವಾಗುತ್ತದೆ. ಆಡುಮಾತಿನಲ್ಲಿ ಮಹಾಪ್ರಾಣ ಸ್ಪಷ್ಟವಾಗಿ ಕೇಳಿಸುವುದೇ ಅಪರೂಪ. ಕಿವಿ ಕಲಿಸದ್ದನ್ನು ಮಗು ಕಣ್ಣಿನಿಂದಲೇ ಕಲಿಯಬೇಕು. ತಾಂಡೂರಿನ ದಾರಿಯಲ್ಲಿ ಕನ್ನಡದ ಬೋರ್ಡುಗಳೇ ವಿರಳವಾಗಿರುವಾಗ, ಸಿಕ್ಕ ಒಂದೊಂದು ಬೋರ್ಡೂ ನಮ್ಮ ಮಕ್ಕಳಿಗೆ ಒಂದು ಪಾಠವೇ ಸರಿ.

ಇನ್ನು ಓರೆಯ ಮಾತು. ಇಂಗ್ಲಿಷಿನಲ್ಲಿ ಇಟಾಲಿಕ್ ಎನ್ನುವ ಅಕ್ಷರ ಇಟಲಿಯದು. ವೆನಿಸ್ ನಗರದ ಆಲ್ಡಸ್ ಮನೂಷಿಯಸ್ 1501ರಲ್ಲಿ ಇಡೀ ಪುಸ್ತಕವನ್ನೇ ಅದರಲ್ಲಿ ಅಚ್ಚು ಹಾಕಿದನು. ಅದು ಅಲ್ಲಿಯವರ ವೇಗದ ಕೈಬರಹದಿಂದ ಹುಟ್ಟಿದ್ದು. ಅದರ ಬಾಗಿಗೆ ಕೈಯ ಓಟವೇ ಕಾರಣ. ಕನ್ನಡಕ್ಕಾದರೋ ಕಂಪ್ಯೂಟರಿನ ಗುಂಡಿಯೊತ್ತಿ ನೆಟ್ಟಗಿನ ಅಕ್ಷರವನ್ನೇ ತಳ್ಳಿಬಿಡುತ್ತೇವೆ. ತಲೆಕಟ್ಟು ಬಲಕ್ಕೆ ಜಾರುತ್ತದೆ, ಕೆಳಗಿನ ಒತ್ತಕ್ಷರ ಎಡಕ್ಕೆ ಸರಿದು ಹಿಂದಿನ ಅಕ್ಷರದ ಕಡೆಗೆ ವಾಲುತ್ತದೆ. ಕುಂಚ ಹಿಡಿದು ಬರೆಯುವ ಪೇಂಟರನಾದರೆ ಒತ್ತಿಗೆ ಎಡೆ ನೋಡಿ ಬಾಗಿಸಿಯಾನು. ಗುಂಡಿಗೆ ಆ ವಿವೇಕವೆಲ್ಲಿಯದು?

ಆದ್ದರಿಂದ, ವಿದ್ಯಾರ್ಥಿಗಳೇ, ಗೋಡೆಪತ್ರಿಕೆಗೂ ವಾರ್ಷಿಕೋತ್ಸವದ ಬ್ಯಾನರಿಗೂ ದಪ್ಪ ದುಂಡು ಅಕ್ಷರವನ್ನು ಧಾರಾಳವಾಗಿ ಬಳಸಿರಿ. ಆದರೆ ಶೀರ್ಷಿಕೆಗೆ ಮಾತ್ರ. ಓರೆ ಬೇಕೆಂದರೆ ಕೈಯಲ್ಲೇ ಬರೆಯಿರಿ. ತೂಗುಹಾಕುವ ಮುನ್ನ ಐದನೆಯ ತರಗತಿಯ ಮಗುವೊಂದನ್ನು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ ಓದಿಸಿರಿ. ಅದು ತಡವರಿಸಿದರೆ ಮಗುವನ್ನು ಗದರಬೇಡಿ, ಅಕ್ಷರವನ್ನು ತಿದ್ದಿರಿ.